ಬಲ್ಬಿನ ಜಾತಕ ನೋಡುವ ಡಬ್ಬಿ

ತಿಪಟೂರಿನಲ್ಲಿ ನನ್ನದು ಬಲ್ಬು, ಮಿಕ್ಸಿ, ಟಿವಿ ರಿಪೇರಿ ಅಂಗಡಿ. ಒಂದು ದಿನ ಸೀರೆ ಅಂಗಡಿಯವರೊಬ್ಬರು ಚೀಲದ ತುಂಬ ಎಲ್‌ಇಡಿ ಬಲ್ಬು ತಂದು ಮೇಜಿನ ಮೇಲೆ ಸುರಿದರು. "ಒಂದೂ ಕೆಟ್ಟಿಲ್ಲ ಕಣ್ರೀ. ಇದರ ಕೆಳಗೆ ಮೆರೂನ್ ಸೀರೆ ಹಿಡಿದ್ರೆ ಕಾಫಿಪುಡಿ ಬಣ್ಣ ಕಾಣ್ತದೆ, ಅಷ್ಟೇ." ಮಲ್ಟಿಮೀಟರ್ ಹಿಡಿದೆ, ಎಲ್ಲ ಸರಿ. ಅದಕ್ಕೆ ಬಣ್ಣ ಏನು ಗೊತ್ತು?

ಮಗಳು ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಮಾಡಿದ್ದ ರಟ್ಟಿನ ಸ್ಪೆಕ್ಟ್ರೋಸ್ಕೋಪ್ ನೆನಪಾಯಿತು, ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ತೋರಿಸುವ ಡಬ್ಬಿ. ಅದನ್ನೇ ಸ್ವಲ್ಪ ಗಟ್ಟಿಯಾಗಿ ಮತ್ತೆ ಮಾಡಿದೆ. ಖರ್ಚು ಏನೂ ಇಲ್ಲ, ಸಹನೆ ಬೇಕು.

ಮೊದಲು ಒಂದು ಖಾಲಿ ಡಿವಿಡಿ ಹುಡುಕಿ. ಸಿನಿಮಾ ಅಚ್ಚಾಗಿ ಬಂದದ್ದು ಬೇಡ, ನಾವೇ ಬರೆದುಕೊಳ್ಳುವಂಥದ್ದು ಬೇಕು. ಡಿವಿಡಿ ಎಂದರೆ ಅಂಟಿಸಿದ ಎರಡು ಪ್ಲಾಸ್ಟಿಕ್ ಬಿಲ್ಲೆ. ಕತ್ತರಿಯಿಂದ ಹೋಳು ಮಾಡಿ, ಅಂಚಿಗೆ ಬ್ಲೇಡ್ ತೂರಿಸಿದರೆ ಎರಡಾಗಿ ಬಿಚ್ಚಿಕೊಳ್ಳುತ್ತದೆ. ಬೆಳ್ಳಿ ಬಣ್ಣದ ಕಡೆ ಬಿಸಾಡಿ. ನೇರಳೆ ಬಣ್ಣದ, ಆಚೆ ಕಾಣುವ ಅರ್ಧ ನಮ್ಮದು. ಸರ್ಕ್ಯೂಟ್ ಬೋರ್ಡ್ ಒರೆಸುವ ಐಪಿಎಯಲ್ಲಿ (ಐಸೊಪ್ರೊಪೈಲ್ ಆಲ್ಕೋಹಾಲ್) ಹತ್ತಿ ಅದ್ದಿ ಮೆಲ್ಲಗೆ ಒರೆಸಿದರೆ ಬಣ್ಣ ಹೋಗಿ ಗಾಜಿನಂತಾಗುತ್ತದೆ. ಉಜ್ಜಬೇಡಿ. ಅದರ ಮೇಲಿನ ಸುರುಳಿ ಗೆರೆಗಳ ನಡುವೆ 0.74 ಮೈಕ್ರೋಮೀಟರ್ ಅಂತರ. ಅಂದರೆ ಒಂದು ಮಿಲಿಮೀಟರಿನಲ್ಲಿ ಸುಮಾರು 1350 ಗೆರೆ. ಸಿಡಿಯಲ್ಲಿ 625 ಮಾತ್ರ. ಗೆರೆ ಒತ್ತೊತ್ತಾದಷ್ಟೂ ಬಣ್ಣ ಅಗಲವಾಗಿ ಬಿಡಿಸಿಕೊಳ್ಳುತ್ತದೆ.

ಹೊರ ಅಂಚಿನ ಹತ್ತಿರದಿಂದ ಎರಡು ಸೆಂಟಿಮೀಟರ್ ಚೌಕ ಕತ್ತರಿಸಿಕೊಳ್ಳಿ. ಅಲ್ಲಿ ಸುರುಳಿ ಹೆಚ್ಚು ಬಾಗಿರುವುದಿಲ್ಲ, ಗೆರೆ ನೇರ ಇದ್ದಂತೆಯೇ.

ಚಪ್ಪಲಿ ಬಾಕ್ಸಿನ ಒಳಗೆಲ್ಲ ಕಪ್ಪು ಕಾಗದ ಅಂಟಿಸಿ. ಒಂದು ಚಿಕ್ಕ ಗೋಡೆಯ ಎಡ ಅಂಚಿಗೆ (ಕಣ್ಣಿಡುವ ಕಡೆಯಿಂದ ನೋಡಿದಂತೆ) ನಿಲುವಾಗಿ ಸೀಳು. ಅದಕ್ಕೆ ಶೇವಿಂಗ್ ಬ್ಲೇಡಿನ ಎರಡು ಹೋಳು ಎದುರುಬದುರು ಇಟ್ಟು, ನಡುವೆ ಪೋಸ್ಟ್ ಕಾರ್ಡ್ ನಿಲ್ಲಿಸಿ ಟೇಪ್ ಹಚ್ಚಿ, ಆಮೇಲೆ ಕಾರ್ಡ್ ಎಳೆದುಬಿಡಿ. ಬೆರಳು ಜೋಪಾನ. ಎದುರಿನ ಗೋಡೆಯಲ್ಲಿ, ಸೀಳಿನ ನೇರಕ್ಕೆ ಕಣ್ಣಿಡುವ ತೂತು; ಅದರ ಮೇಲೆ ಡಿವಿಡಿ ಚೂರು. ಚೂರಿನ ಗೆರೆಗಳು ಸೀಳಿನಂತೆಯೇ ನಿಲುವಾಗಿರಬೇಕು. ನಾನು ಮೊದಲ ಸಲ ಅಡ್ಡ ಅಂಟಿಸಿ, ಬರೀ ಕಲಸಿದ ಬಣ್ಣ ನೋಡುತ್ತಾ ಅರ್ಧ ಗಂಟೆ ಬ್ಲೇಡನ್ನು ಬೈದಿದ್ದೇನೆ.

ಸೀಳನ್ನು ಬಲ್ಬಿಗೆ ಹಿಡಿದು ನೋಡಿ. ನೇರಕ್ಕೆ ಬೆಳಕಿನ ಗೆರೆಯಷ್ಟೇ ಕಾಣುತ್ತದೆ. ಕಣ್ಣನ್ನು ಬಲಕ್ಕೆ, ಸುಮಾರು 45 ಡಿಗ್ರಿ ಹೊರಳಿಸಿ. ಪಕ್ಕದ ಗೋಡೆಯ ಕತ್ತಲಲ್ಲಿ ಕಾಮನಬಿಲ್ಲು ಇರುತ್ತದೆ. ಸೂರ್ಯನಿಗೆ ಮಾತ್ರ ಯಾವತ್ತೂ ಹಿಡಿಯಬೇಡಿ, ಕಣ್ಣು ಹೋದೀತು. ಬಿಸಿಲು ಬಿದ್ದ ಬಿಳಿ ಗೋಡೆ ಸಾಕು.

ಈಗ ಅಡುಗೆಮನೆಗೆ ಹೋಗಿ, ಬೇರೆ ದೀಪವೆಲ್ಲ ಆರಿಸಿ, ಗ್ಯಾಸ್ ಉರಿಗೆ ಒಂದು ಚಿಟಿಕೆ ಉಪ್ಪು ಎರಚಿ. ಒಂದೇ ಒಂದು ಹಳದಿ ಗೆರೆ ಮಿಂಚುತ್ತದೆ: ಉಪ್ಪಿನಲ್ಲಿರುವ ಸೋಡಿಯಂನದು, ತರಂಗಾಂತರ 589 ನ್ಯಾನೋಮೀಟರ್. ಹಳೇ ಸಿಎಫ್‌ಎಲ್ ಇದ್ದರೆ ಅದರ ಹಸಿರು ಗೆರೆ ಪಾದರಸದ್ದು, 546. ಈ ಎರಡು ಜಾಗ ಗುರುತಿಟ್ಟುಕೊಂಡರೆ ಉಳಿದದ್ದನ್ನು ಅಂದಾಜು ಮಾಡಬಹುದು.

ಒಳಗೆ ತಂತಿ ಕಾದು ಉರಿಯುವ ಹಳೇ ಗುಂಡು ಬಲ್ಬಿನಲ್ಲಿ ಬಣ್ಣಗಳು ಎಲ್ಲೂ ಕಡಿಯದೆ ಸಾಗುತ್ತವೆ. ಎಲ್‌ಇಡಿ ಬೇರೆ: 450ರ ಆಸುಪಾಸಿನಲ್ಲಿ ದಪ್ಪ ನೀಲಿ, ಆಮೇಲೆ ಒಂದು ಮಂಕು ಕಣಿವೆ, ಆಮೇಲೆ ಹಸಿರಿನಿಂದ ಕೆಂಪಿನವರೆಗೆ ಹರಡಿದ ಬೆಳಕು. ಆರಿದ ಎಲ್‌ಇಡಿ ಬಿಚ್ಚಿದರೆ ಹಳದಿ ಚುಕ್ಕೆಗಳು ಕಾಣುತ್ತವಲ್ಲ, ಅದು ಫಾಸ್ಫರ್ ಪುಡಿ, ನೀಲಿ ಬೆಳಕನ್ನು ಹೀರಿ ಬೇರೆ ಬಣ್ಣವಾಗಿ ಬಿಡುತ್ತದೆ. ಅದರಡಿ ಇರುವುದು ನೀಲಿ ಎಲ್‌ಇಡಿ. ಕೆಂಪು ಎಲ್‌ಇಡಿ 1962ರಲ್ಲೇ ಬಂದಿತ್ತು. ಚೆನ್ನಾಗಿ ಉರಿಯುವ ನೀಲಿಗೆ ಮತ್ತೆ ಮೂವತ್ತು ವರ್ಷ ಹಿಡಿಯಿತು. ಅದಕ್ಕೆ ಬೇಕಾದ ಗ್ಯಾಲಿಯಂ ನೈಟ್ರೈಡ್‌ನ ಒಳ್ಳೆಯ ಹರಳು ಬೆಳೆಸುವುದೇ ಕಷ್ಟವಾಗಿತ್ತು. ಅಕಾಸಾಕಿ, ಅಮಾನೊ, ನಕಾಮುರ ಅದನ್ನು ಸಾಧಿಸಿದ್ದಕ್ಕೆ 2014ರ ಭೌತಶಾಸ್ತ್ರ ನೊಬೆಲ್ ಬಂತು.

ಟಿವಿಗೂ ಹಿಡಿಯಿರಿ, ಬಿಳಿ ಪರದೆ ಹಾಕಿ. ಕ್ವಾಂಟಮ್ ಡಾಟ್ ಸೆಟ್ಟಿನಲ್ಲಿ ನೀಲಿ, ಹಸಿರು, ಕೆಂಪು ಮೂರೂ ಬೇರೆ ಬೇರೆ ಪಟ್ಟಿಯಾಗಿ ನಿಲ್ಲುತ್ತವೆ. ಕ್ವಾಂಟಮ್ ಡಾಟ್ ಎಂದರೆ ಅತಿ ಸಣ್ಣ ನ್ಯಾನೋ ಹರಳು; ಒಂದೇ ವಸ್ತುವಿನ ಹರಳು ಚಿಕ್ಕದಾದರೆ ಹಸಿರು, ದೊಡ್ಡದಾದರೆ ಕೆಂಪು. ಇದರ ಹಿಂದಿನ ಕೆಲಸಕ್ಕೆ 2023ರ ರಸಾಯನಶಾಸ್ತ್ರ ನೊಬೆಲ್ ಬವೆಂಡಿ, ಬ್ರೂಸ್, ಎಕಿಮೊವ್ ಅವರಿಗೆ. ಇನ್ನು ಕೆಲವು ಸೆಟ್ಟುಗಳಲ್ಲಿ ಕೆಂಪಿನ ಜಾಗದಲ್ಲಿ ಬಾಚಣಿಗೆಯ ಹಲ್ಲಿನಂಥ ಸಣ್ಣ ಗೆರೆಗಳು ಕಂಡರೆ ಡಬ್ಬಿ ಕೆಟ್ಟಿದೆ ಅಂದುಕೊಳ್ಳಬೇಡಿ. ಅದು ಫ್ಲೋರೈಡ್ ಬಗೆಯ ಕೆಂಪು ಫಾಸ್ಫರ್.

ಸೀರೆ ಅಂಗಡಿಯ ಬಲ್ಬುಗಳಲ್ಲಿ ಕೆಂಪು ಕಿತ್ತಳೆ ದಾಟುತ್ತಿದ್ದಂತೆ ಕರಗಿಹೋಗಿತ್ತು. ಕೆಂಪು ಬೆಳಕೇ ಬೀಳದಿದ್ದರೆ ಮೆರೂನ್ ಏನನ್ನು ತಿರುಗಿಸಿ ಕೊಟ್ಟೀತು? ಪ್ಯಾಕೆಟ್ ಮೇಲೆ ಸಿಆರ್‌ಐ 80 ಎಂದಿತ್ತು; ಬಲ್ಬಿನ ಬೆಳಕಿನಲ್ಲಿ ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಎಂದು ಹೇಳುವ ಅಂಕ. ಆ ಅಂಕ ಎಂಟು ತಿಳಿ ಬಣ್ಣಗಳ ಸರಾಸರಿ, ಗಾಢ ಕೆಂಪು ಅದರಲ್ಲಿ ಸೇರಿಯೇ ಇಲ್ಲ. ಅದಕ್ಕೆ ಆರ್9 ಎಂಬ ಬೇರೆ ಅಂಕ ಕೇಳಬೇಕು. ಅಂಗಡಿಯಲ್ಲಿ ಕೇಳಿದರೆ ನಿಮ್ಮ ಮುಖ ನೋಡುತ್ತಾರೆ. ಹಾಗಾಗಿ ಒಂದೇ ಒಂದು ಬಲ್ಬು ತನ್ನಿ, ಗುಂಡು ಬಲ್ಬಿನ ಪಕ್ಕ ಹಚ್ಚಿ ಡಬ್ಬಿಯಲ್ಲಿ ನೋಡಿ, ಕೆಂಪಿನ ತುದಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಕಡೆ ಮುಗಿದರೆ ಉಳಿದ ಇಪ್ಪತ್ತು ತನ್ನಿ.