ಹಳೇ ಜೀಪ್ ಮಾರೋರು ತುಕ್ಕು ಮುಚ್ಚಬ್ಯಾಡ್ರಿ

ಕಲಬುರಗಿ ಕಡೆ ಹಳೇ ಫೋರ್ ವೀಲ್ ಡ್ರೈವ್ (ನಾಲ್ಕೂ ಗಾಲಿಗೆ ಇಂಜಿನ್ ಬಲ ಹೋಗೋ) ಜೀಪನ್ನ ರಿಪೇರಿ ಗಾಡಿ ಅಂತ ಮಾರೋರು ಮ್ಯಾಲ ಬಣ್ಣ ಹೊಡಸಬ್ಯಾಡ್ರಿ. ತಗೊಳ್ಳಾವ ಮೊದಲು ಬಗ್ಗಿ ಚಾಸಿನೇ (ಗಾಡಿ ಕೆಳಗಿನ ಕಬ್ಬಿಣದ ಚೌಕಟ್ಟು) ನೋಡ್ತಾನ. ಹೊಸ ಬಣ್ಣ ಕಂಡ್ರ ಅನುಮಾನ ಬರ್ತದ. ನಮ್ಮ ಎರಿ ಮಣ್ಣು ಚಾಸಿ ಸಂದ್ಯಾಗ ಅಂಟಿ ತೇವ ಹಿಡೀತದ, ಅಲ್ಲೇ ತುಕ್ಕು ಜಾಸ್ತಿ. ಛಲೋ ತೊಳದು, ತೂತು, ವೆಲ್ಡಿಂಗ್ ಆದ ಜಾಗ ಎಲ್ಲಾ ಬಿಸಿಲಾಗ ಫೋಟೊ ತಗೀರಿ. ಇಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡೋ ವಿಡಿಯೊನೂ ಇರಲಿ. ಫೋರ್ ವೀಲ್ ಹಾಕಿ ಹೊಲದ ಮಣ್ಣಾಗ ಓಡಿಸಿ ನೋಡ್ರಿ, ಡಾಂಬರ್ ಮ್ಯಾಲ ಬ್ಯಾಡ, ಗೇರಿಗೆ ಪೆಟ್ಟು. ಬಿಚ್ಚಿಟ್ಟ ಸಾಮಾನು ಗಾಡಿ ಜೊತೀನೇ ಕೊಡ್ರಿ.

15 ವರ್ಷ ದಾಟಿದ್ರ ನೋಂದಣಿ ನವೀಕರಣ ಆಗೇದೋ ಇಲ್ಲೋ ಮೊದಲೇ ಹೇಳ್ರಿ. ಮಾಲೀಕರ ಹೆಸರು ಬದಲಿಸೋ ಫಾರ್ಮ್ 29, 30ಕ್ಕ ಸಹಿ ಹಾಕಿ ಸುಮ್ಮನಾಗಬ್ಯಾಡ್ರಿ, ಹೆಸರು ಬದಲಾಗೋತನ ಬೆನ್ನು ಹತ್ರಿ. ಅಪಘಾತ ಆದ್ರ ಪರಿಹಾರದ ಹೊಣೆ ಆರ್‌ಸಿಯಾಗ (ನೋಂದಣಿ ಪತ್ರದಾಗ) ಹೆಸರಿದ್ದವರ ಮ್ಯಾಲೇ ಬೀಳ್ತದ.