ಹಳೆಯ ಕ್ಯಾರವಾನನ್ನು ಕಡಿಮೆ ಖರ್ಚಿನಲ್ಲಿ ಬೆಚ್ಚಗಾಗಿಸಿದ ನನ್ನ ಅನುಭವ

ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ನೆಲೆಸಿರುವ ನಮ್ಮ ಬಳಿ 1980ರ ದಶಕದ ಆರಂಭದಲ್ಲಿ ತಯಾರಾದ, ಕಾರಿಗೆ ಕಟ್ಟಿ ಎಳೆಯುವ, ಮನೆಯಂತೆ ಒಳಗೆ ತಂಗಬಹುದಾದ ಸಣ್ಣ ಕ್ಯಾರವಾನ್ ಒಂದಿದೆ. ಇಂದಿನ ಒಳ್ಳೆಯ ಕ್ಯಾರವಾನುಗಳನ್ನು ಯುರೋಪಿನ ಮಾನದಂಡದ ‘ಗ್ರೇಡ್ 3’ಕ್ಕೆ ತಕ್ಕಂತೆ ಕಟ್ಟುತ್ತಾರೆ, ಹೊರಗೆ ಮೈನಸ್ 15 ಡಿಗ್ರಿ ಇದ್ದರೂ ಒಳಗನ್ನು 20 ಡಿಗ್ರಿಗೆ ಏರಿಸಲು ಸಾಧ್ಯವಾಗಬೇಕೆಂಬುದು ಅದರ ಷರತ್ತು. ನಮ್ಮದು ಆ ಮಾನದಂಡಗಳು ಬರುವುದಕ್ಕಿಂತ ಮುಂಚಿನ ಗಾಡಿ. ಅಕ್ಟೋಬರ್ ಕಳೆದ ಮೇಲೆ ಲೇಕ್ ಡಿಸ್ಟ್ರಿಕ್ಟ್ ಕಡೆಗೋ ಸ್ಕಾಟ್ಲೆಂಡಿನ ಏವಿಮೋರ್ ಕಡೆಗೋ ಹೋದರೆ ಅದರಲ್ಲಿ ರಾತ್ರಿ ಕಳೆಯುವುದು ಕಷ್ಟವಾಗುತ್ತಿತ್ತು. ಅದನ್ನು ಹಂತಹಂತವಾಗಿ, ಒಟ್ಟು 200 ಪೌಂಡ್ ಮೀರದ ಖರ್ಚಿನಲ್ಲಿ ಹೇಗೆ ಬೆಚ್ಚಗಾಗಿಸಿಕೊಂಡೆ ಎಂಬುದನ್ನು, ಹಳೆಯ ಗಾಡಿ ಕೊಂಡಿರುವ ನಮ್ಮವರಿಗೆ ಉಪಯೋಗವಾಗಲೆಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಕ್ಯಾರವಾನಿಗೆ ಚಳಿ ತಡೆಯಬೇಕೆಂದೊಡನೆ ಬಹಳ ಜನರು ಮೊದಲು ಗೋಡೆಗಳ ಮೇಲೆ ಕಣ್ಣು ಹಾಯಿಸುತ್ತಾರೆ. ಆದರೆ ಹಳೆಯ ಕ್ಯಾರವಾನಿನ ಗೋಡೆ ಅಷ್ಟೇನೂ ಕಳಪೆಯಲ್ಲ. ಹೊರಗೆ ಅಲ್ಯೂಮಿನಿಯಂ ತಗಡು, ಒಳಗೆ 3 ಮಿಲಿಮೀಟರ್ ಪ್ಲೈವುಡ್, ನಡುವೆ ಮರದ ಚೌಕಟ್ಟಿನಲ್ಲಿ ಸುಮಾರು 25 ಮಿಲಿಮೀಟರ್ ದಪ್ಪದ ಥರ್ಮೋಕೋಲ್ ಇರುತ್ತದೆ. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಇಂಥ ಗೋಡೆಯ ಒಂದು ಚದರ ಮೀಟರಿನಿಂದ ಹೊರಹೋಗುವ ಶಾಖ 1.1 ವ್ಯಾಟ್‌ನ ಆಸುಪಾಸಿನಲ್ಲಿರುತ್ತದೆ. ನಮ್ಮ ಗಾಡಿಯ ನೆಲವಾದರೋ ಮರದ ಪಟ್ಟಿಗಳ ಮೇಲೆ ಕೂರಿಸಿದ 10 ಮಿಲಿಮೀಟರ್ ದಪ್ಪದ ಬರಿಯ ಪ್ಲೈವುಡ್ ಹಲಗೆ. ಅದರ ಕೆಳಗೆ ನೇರವಾಗಿ ಬಯಲ ಗಾಳಿ. ಇದೇ ಲೆಕ್ಕದಲ್ಲಿ ಅದರ ನಷ್ಟ ಸುಮಾರು 3.4 ವ್ಯಾಟ್, ಅಂದರೆ ಗೋಡೆಯ ಮೂರು ಪಟ್ಟು. ಒಳಗೆ 18 ಡಿಗ್ರಿ, ಹೊರಗೆ ಸೊನ್ನೆ ಇರುವ ರಾತ್ರಿ 8 ಚದರ ಮೀಟರ್ ನೆಲವೊಂದೇ 490 ವ್ಯಾಟ್‌ನಷ್ಟು ಶಾಖವನ್ನು ಕೆಳಗೆ ಚೆಲ್ಲುತ್ತಿತ್ತು. ಈ ಲೆಕ್ಕ ಕೈಯಲ್ಲಿದ್ದುದರಿಂದ ಗೋಡೆಯನ್ನು ಬಿಚ್ಚುವ ಯೋಚನೆಯನ್ನೇ ಕೈಬಿಟ್ಟು, ಕೈಯಲ್ಲಿದ್ದ ಹಣದ ಬಹುಪಾಲನ್ನು ನೆಲಕ್ಕೆ ಹಾಕಿದೆ.

ನೆಲದ ಅಡಿಗೆ ನಾನು ಬಳಸಿದ್ದು 25 ಮಿಲಿಮೀಟರ್ ದಪ್ಪದ ಎಕ್ಸ್‌ಪಿಎಸ್ ಹಲಗೆ. ಇದು ಥರ್ಮೋಕೋಲಿನ ಜಾತಿಯದೇ ಆದರೂ ಹೆಚ್ಚು ಗಟ್ಟಿ, ನೀರನ್ನು ಹೀರುವುದಿಲ್ಲ. ಬೆಳ್ಳಿ ಬಣ್ಣದ ಫಾಯಿಲ್ ಅಂಟಿಸಿದ, ಪಿಐಆರ್ ಎಂಬ ಗಟ್ಟಿ ಫೋಮಿನ ಹಲಗೆ ಇದಕ್ಕಿಂತ ಚೆನ್ನಾಗಿ ಶಾಖವನ್ನು ತಡೆಯುತ್ತದೆ. ಮನೆ ಕಟ್ಟುವವರ ಬಳಿ ಉಳಿದ ತುಂಡುಗಳು ಬಹಳ ಅಗ್ಗವಾಗಿ, ಕೆಲವೊಮ್ಮೆ ಪುಕ್ಕಟೆಯಾಗಿಯೇ ಸಿಗುತ್ತವೆ. ಆದರೆ ಕತ್ತರಿಸಿದ ಅಂಚಿನಿಂದ ಅದು ನೀರು ಕುಡಿಯುವುದರಿಂದ ಚಕ್ರದ ನೀರು ಎರಚುವ ಜಾಗಕ್ಕೆ ಅದು ತಕ್ಕದ್ದಲ್ಲ. ಅಂಥ ತುಂಡುಗಳನ್ನು ನಾನು ಒಳಗೆ ಹಾಸಿಗೆಯ ಅಡಿಯಲ್ಲಿರುವ ಪೆಟ್ಟಿಗೆಗಳ ತಳಕ್ಕೂ ನೀರಿನ ಪೈಪು ಹಾದುಹೋಗುವ ಮೂಲೆಗಳಿಗೂ ಉಳಿಸಿಕೊಂಡೆ.

ಗಾಡಿಯ ಕೆಳಗೆ ಮಲಗಿ ಮಾಡುವ ಕೆಲಸವಾದ್ದರಿಂದ ಮೊದಲು ಅದನ್ನು, ಗಾಡಿಯ ಭಾರ ಹೊರುವ ಆಕ್ಸಲ್ ಸ್ಟ್ಯಾಂಡ್‌ಗಳ ಮೇಲೆ ಭದ್ರವಾಗಿ ನಿಲ್ಲಿಸಿಕೊಳ್ಳಬೇಕು. ನಾಲ್ಕು ಮೂಲೆಗಳಲ್ಲಿರುವ ಕಾಲುಗಳು ಗಾಡಿ ಅಲುಗದಂತೆ ಹಿಡಿಯಲು ಮಾತ್ರ ಇರುವಂಥವು. ಅವು ಭಾರ ಹೊರುವುದಿಲ್ಲ, ಅವುಗಳನ್ನು ನಂಬಿ ಯಾರೂ ಕೆಳಗೆ ನುಸುಳಬಾರದು. ಆಮೇಲೆ ಡ್ಯಾಂಪ್ ಮೀಟರ್ ಹಿಡಿದು ನೆಲದ ಮರವನ್ನು ಅಂಗುಲ ಅಂಗುಲವಾಗಿ ಪರೀಕ್ಷಿಸಿದೆ. ತೇವ ಶೇಕಡ 15ಕ್ಕಿಂತ ಕಡಿಮೆಯಿದ್ದರೆ ಮುಂದುವರಿಯಬಹುದು. 20 ದಾಟಿದ್ದರೆ ಎಲ್ಲಿಂದಲೋ ನೀರು ಸೋರುತ್ತಿದೆ ಎಂದೇ ಅರ್ಥ, ಅದನ್ನು ಸರಿಪಡಿಸದೆ ಮುಚ್ಚಿದರೆ ಮರ ಒಳಗಿಂದೊಳಗೇ ಕೊಳೆಯುತ್ತದೆ. ಮರ ಒಣಗಿರುವುದು ಖಚಿತವಾದ ಮೇಲೆ ಪಟ್ಟಿಗಳ ನಡುವಿನ ಅಳತೆಗೆ ಹಲಗೆಗಳನ್ನು ಉದ್ದನೆಯ ಬ್ಲೇಡಿನಿಂದ ಕೊಯ್ದು, ಅಂಗೈಯಿಂದ ಒತ್ತಿದರೆ ಮಾತ್ರ ಒಳಗೆ ಹೋಗುವಷ್ಟು ಬಿಗಿಯಾಗಿ ಕೂರಿಸಿದೆ. ಅಂಟು ಹಾಕುವುದಾದರೆ ಡಬ್ಬಿಯ ಮೇಲೆ ಪಾಲಿಸ್ಟೈರೀನ್‌ಗೆ (ಥರ್ಮೋಕೋಲ್, ಎಕ್ಸ್‌ಪಿಎಸ್ ಎರಡೂ ಇದರಿಂದಾದವು) ಆಗುತ್ತದೆಂದು ಬರೆದಿರುವುದನ್ನೇ ಕೊಳ್ಳಬೇಕು, ಏಕೆಂದರೆ ದ್ರಾವಕವಿರುವ ಸಾಮಾನ್ಯ ಅಂಟು ಈ ಹಲಗೆಯನ್ನು ಕಣ್ಣೆದುರೇ ಕರಗಿಸಿಬಿಡುತ್ತದೆ. ಅಗಲವಾದ ಪ್ಲಾಸ್ಟಿಕ್ ವಾಷರ್ ಹಾಕಿ, ಮರದ ಪಟ್ಟಿಗಳಿಗೆ ಮಾತ್ರ ಸ್ಕ್ರೂ ಬಿಗಿದು, ಕೂಡುವ ಅಂಚುಗಳಿಗೆ ಫಾಯಿಲ್ ಟೇಪ್ ಸುತ್ತಿದೆ. ಹೊಲದ ಇಲಿಗಳು ಈ ಹಲಗೆಯನ್ನು ಕೊರೆದು ಗೂಡು ಮಾಡುತ್ತವೆಯಾದ್ದರಿಂದ ಎಲ್ಲಕ್ಕೂ ಕೆಳಗೆ, ಜಾಹೀರಾತು ಫಲಕಗಳಿಗೆ ಬಳಸುವ ಹಗುರವಾದ ಟೊಳ್ಳು ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ, ಒಳಸೇರಿದ ನೀರು ಇಳಿದುಹೋಗಲು ಅಲ್ಲಲ್ಲಿ ರಂಧ್ರ ಕೊರೆದೆ. ಮರದ ಪಟ್ಟಿಗಳ ಮೂಲಕ ಸ್ವಲ್ಪ ಶಾಖ ಹೋಗುವುದನ್ನೂ ಸೇರಿಸಿಕೊಂಡರೆ, 490 ವ್ಯಾಟ್ ಇದ್ದ ನಷ್ಟ ಈಗ ಲೆಕ್ಕದಂತೆ 150ರ ಸುತ್ತಮುತ್ತ ಇದೆ.

ಈ ಕೆಲಸದಲ್ಲಿ ಮುಟ್ಟಬಾರದ ಜಾಗಗಳು ಕೆಲವಿವೆ. ಹಳೆಯ ಗ್ಯಾಸ್ ಹೀಟರುಗಳಲ್ಲಿ ಹಲವು ತಮ್ಮ ಹೊಗೆಯನ್ನು ನೆಲದ ಕೆಳಗೇ ಬಿಡುತ್ತವೆ; ಆ ಕೊಳವೆಯ ಸುತ್ತ ಧಾರಾಳವಾಗಿ ಜಾಗ ಬಿಡಬೇಕು. ತನ್ನದೇ ಎಂಜಿನ್ ಇರುವ ಮನೆಗಾಡಿ, ಅಂದರೆ ಮೋಟರ್‌ಹೋಮ್ ಆದರೆ, ಎಂಜಿನ್ನಿನ ಸೈಲೆನ್ಸರ್ ಪೈಪಿನ ಹತ್ತಿರವೂ ಈ ಹಲಗೆ ಇರಕೂಡದು, ಅದು ಬೆಂಕಿಗೆ ಬೇಗ ತುತ್ತಾಗುವ ವಸ್ತು. ಗಾಡಿಯ ಬುಡದ ಸುತ್ತ ಬಟ್ಟೆ ಕಟ್ಟಿ ಗಾಳಿ ತಡೆಯುವ ರೂಢಿ ಇಲ್ಲಿ ಉಂಟು. ನಮ್ಮ ಹೀಟರಿನ ಹೊಗೆ ಕೆಳಗೆ ಬರುವುದರಿಂದ ನಾನು ಅದನ್ನು ಮಾಡಲಿಲ್ಲ: ಕಟ್ಟಿದ ಬಟ್ಟೆಯೊಳಗೆ ಹೊಗೆ ನಿಂತರೆ ಅದು ಮತ್ತೆ, ಗಾಳಿಯಾಡಲೆಂದು ನೆಲದಲ್ಲಿ ಬಿಟ್ಟಿರುವ ಕಿಂಡಿಗಳಿಂದ ನಾವು ಮಲಗುವ ಕೋಣೆಗೇ ಏರುತ್ತದೆ. ಆ ಕಿಂಡಿಗಳನ್ನಂತೂ ಯಾವ ಕಾರಣಕ್ಕೂ ಮುಚ್ಚಬಾರದು. ಅಡುಗೆಗೆ ಉರಿಸುವ ಪ್ರೊಪೇನ್ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರವಿರುವುದರಿಂದ, ಎಲ್ಲಿಯಾದರೂ ಸೋರಿದರೆ ಅದು ಇಳಿದು ಹೋಗುವ ದಾರಿ ಅದೊಂದೇ. ಚಳಿಗಾಳಿ ಬರುತ್ತದೆಂದು ಈ ಕಿಂಡಿಗೆ ಬಟ್ಟೆ ತುರುಕುವವರನ್ನು ನೋಡಿದರೆ ನನಗೆ ನಿಜವಾಗಿಯೂ ಭಯವಾಗುತ್ತದೆ. ಹೊಗೆಯಲ್ಲಿರುವ ವಿಷಾನಿಲವನ್ನು ಪತ್ತೆಹಚ್ಚುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದ ಗಾಡಿಯಲ್ಲಿ, ಬೇರೆ ಯಾವುದಕ್ಕೂ ಮೊದಲು ಅದನ್ನು ಕೊಂಡು ತರಬೇಕು.

ಮುಚ್ಚಬೇಕಾದದ್ದು ಬೇಕೆಂದು ಇಟ್ಟ ಕಿಂಡಿಗಳನ್ನಲ್ಲ, ಬೇಡದ ಸಂದುಗಳನ್ನು. ಬಾಗಿಲ ಸುತ್ತ ಗಟ್ಟಿಯಾಗಿ ಬಿರುಕುಬಿಟ್ಟಿದ್ದ ರಬ್ಬರನ್ನು ಕಿತ್ತು, ಹಿಂಬದಿಗೆ ಅಂಟಿರುವ ಟೊಳ್ಳು ರಬ್ಬರ್ ಪಟ್ಟಿಯನ್ನು ಹಚ್ಚಿದೆ. ಪೈಪುಗಳೂ ವೈರುಗಳೂ ನೆಲವನ್ನು ತೂರಿಬರುವ ತೂತುಗಳನ್ನು ಸೀಲಂಟ್‌ನಿಂದ ತುಂಬಿದೆ. ಕೆಲವೇ ಪೌಂಡ್‌ಗಳ ಕೆಲಸವಾದರೂ ಗಾಳಿ ಬೀಸುವ ರಾತ್ರಿ ಅದರ ಫಲ ಕಾಲಿಗೆ ತಕ್ಷಣ ಗೊತ್ತಾಗುತ್ತದೆ.

ಕಿಟಕಿಗಳ ವಿಷಯ ಸ್ವಲ್ಪ ಸೂಕ್ಷ್ಮವಾದದ್ದು. ನಮ್ಮ ಗಾಡಿಯ ಕಿಟಕಿಗಳು ಎರಡು ಪದರದ ಅಕ್ರಿಲಿಕ್‌ನವು; ಬರಿ ಗಾಜಿಗಿಂತ ಅವು ಮೇಲು, ಗೋಡೆಗಿಂತ ಕೀಳು. ಟ್ರೆಕ್ಕಿಂಗ್ ಮಾಡುವವರು ಟೆಂಟಿನಲ್ಲಿ ಹಾಸಿಕೊಳ್ಳುವ ಫೋಮ್ ಚಾಪೆಯನ್ನು ಕೊಂಡು, ಪ್ರತಿ ಕಿಟಕಿಗೂ ಹಳೆಯ ಪತ್ರಿಕೆಯ ಹಾಳೆಯಲ್ಲಿ ಅಚ್ಚು ತೆಗೆದು, ಅಚ್ಚಿಗಿಂತ ಎರಡು ಮೂರು ಮಿಲಿಮೀಟರ್ ಹೆಚ್ಚಾಗಿ ಕತ್ತರಿಸಿದೆ. ಹೀಗೆ ಮಾಡಿದರೆ ಅಂಟು, ಕೊಕ್ಕೆ ಯಾವುದೂ ಇಲ್ಲದೆ ಚೌಕಟ್ಟಿನಲ್ಲಿ ತಾನಾಗಿ ಕಚ್ಚಿ ನಿಲ್ಲುತ್ತದೆ. ಕಿಟಕಿಯಿಂದ ಹೋಗುವ ಶಾಖ ಇದರಿಂದ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಚಾಪೆಯ ಹಿಂದೆ ಅಕ್ರಿಲಿಕ್ ಮೊದಲಿಗಿಂತ ತಣ್ಣಗಾಗುವುದರಿಂದ ಬೆಳಗ್ಗೆ ಅಲ್ಲಿ ನೀರಿನ ಹನಿಗಳು ಸಾಲುಗಟ್ಟಿರುತ್ತವೆ. ಚಾಪೆ ತೆಗೆದ ಕೂಡಲೇ ಅವನ್ನು ಒರೆಸಬೇಕು. ಒರೆಸಲು ಸ್ಪಿರಿಟ್ ಇರುವ ಕ್ಲೀನರ್ ಬಳಸಿದರೆ ಅಕ್ರಿಲಿಕ್‌ನಲ್ಲಿ ಕೂದಲೆಳೆಯಂಥ ಬಿರುಕುಗಳು ಏಳುತ್ತವೆ, ಬರಿಯ ಹತ್ತಿಬಟ್ಟೆ ಸಾಕು. ಮೋಟರ್‌ಹೋಮ್‌ನ ಮುಂಭಾಗದ ಗಾಜು ಒಂದೇ ಪದರದ್ದು ಮತ್ತು ದೊಡ್ಡದು. ಅದಕ್ಕೆ ಹೊರಗಿನಿಂದ ಹೊದಿಸುವ ದಪ್ಪ ಮುಸುಕೇ ಸರಿ. ಹೊರಗಿನಿಂದ ಹೊದಿಸಿದಾಗ ಗಾಜು ಒಳಗಿನ ಬಿಸಿಗೆ ಸೇರಿಕೊಳ್ಳುವುದರಿಂದ ಅದರ ಮೇಲೆ ನೀರು ಕೂರುವುದು ಬಹಳ ಕಡಿಮೆಯಾಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಒಳಗಿನ ತೇವವನ್ನು ಹೊರಗೆ ಕಳಿಸದಿದ್ದರೆ ಬೆಚ್ಚಗಾದ ಗಾಡಿ ಬೂಷ್ಟಿನ ಗೂಡಾಗುತ್ತದೆ. 20 ಡಿಗ್ರಿಯ ಗಾಳಿಯಲ್ಲಿ ಶೇಕಡ 60ರಷ್ಟು ತೇವವಿದ್ದರೆ, 12 ಡಿಗ್ರಿಗಿಂತ ತಣ್ಣಗಿರುವ ಯಾವ ಮೇಲ್ಮೈ ಸಿಕ್ಕರೂ ಅಲ್ಲಿ ಅದು ನೀರಾಗಿ ಇಳಿಯುತ್ತದೆ. ಇಬ್ಬರು ಮಲಗಿ ಏಳುವಷ್ಟರಲ್ಲಿ ಉಸಿರು, ಬೆವರುಗಳಿಂದಲೇ ಅರ್ಧ ಲೀಟರಿಗೂ ಹೆಚ್ಚು ನೀರು ಗಾಳಿಗೆ ಸೇರಿರುತ್ತದೆ. ಒಂದು ಕಿಲೋ ಪ್ರೊಪೇನ್ ಉರಿದರೆ ಹುಟ್ಟುವ ನೀರು ಸುಮಾರು 1.6 ಲೀಟರ್, ಒಲೆಯ ಉರಿಯಾದರೆ ಅದೆಲ್ಲ ಒಳಗೇ ಉಳಿಯುತ್ತದೆ. ನಮ್ಮ ಮನೆಯ ಅಡುಗೆಯೋ ಅನ್ನ, ಸಾರು, ಕುಕ್ಕರಿನ ಸೀಟಿ. ಬ್ರೆಡ್ಡು ಬೆಣ್ಣೆಯಲ್ಲಿ ಊಟ ಮುಗಿಸುವವರಿಗಿಂತ ನಾವು ಎಬ್ಬಿಸುವ ಹಬೆ ಎಷ್ಟೋ ಹೆಚ್ಚು. ಆದುದರಿಂದ ಒಲೆ ಹಚ್ಚುವ ಮೊದಲೇ ಚಾವಣಿಯ ಕಿಟಕಿಯನ್ನು ಎರಡು ಬೆರಳಿನಷ್ಟು ತೆರೆದು, ಊಟ ಮುಗಿದು ಕಾಲು ಗಂಟೆಯ ತನಕ ಹಾಗೆಯೇ ಬಿಡುವುದು ನಮ್ಮಲ್ಲಿ ನಿಯಮವಾಗಿದೆ. ಅದರಿಂದ ಹೋಗುವ ಶಾಖ ಅಲ್ಪ, ಹೋಗುವ ತೇವ ಬಹಳ. ಒದ್ದೆ ಬಟ್ಟೆಯನ್ನು ಒಳಗೆ ಹರವುವುದಿಲ್ಲ.

ಹಾಸಿಗೆಯ ಅಡಿಭಾಗಕ್ಕೆ ವಿಶೇಷ ಗಮನ ಬೇಕು. ಮೈಯ ತೇವ ಫೋಮ್ ಹಾಸಿಗೆಯನ್ನು ತೂರಿ ಇಳಿದು, ಕೆಳಗಿನ ತಣ್ಣನೆಯ ಪ್ಲೈವುಡ್ ಮುಟ್ಟಿದಲ್ಲಿ ನೀರಾಗುತ್ತದೆ; ಹಾಸಿಗೆ ಎತ್ತಿ ನೋಡಿದಾಗ ಕಾಣುವ ಕಪ್ಪು ಚುಕ್ಕೆಗಳಿಗೆ ಇದೇ ಕಾರಣ. ಪೆಟ್ಟಿಗೆಯ ಮುಚ್ಚಳದಲ್ಲಿ ಸಾಲಾಗಿ ರಂಧ್ರ ಕೊರೆದು, ಅದರ ಮೇಲೆ ಹಳೆಯ ಮಂಚದಿಂದ ತೆಗೆದ ಮರದ ರೀಪುಗಳನ್ನು ಬೆರಳಗಲದ ಅಂತರದಲ್ಲಿ ಜೋಡಿಸಿ, ಪೆಟ್ಟಿಗೆಯ ತಳಕ್ಕೆ ಪಿಐಆರ್ ತುಂಡುಗಳನ್ನು ಹಾಸಿದೆ. ಕೂರುವ ದಿಂಬಿನ ಬೆನ್ನಿಗೂ ಹೊರಗೋಡೆಗೂ ನಡುವೆ ತಯಾರಕರು ಬಿಟ್ಟಿರುವ ಸಂದನ್ನು ತುಂಬಲಿಲ್ಲ. ಬಿಸಿಗಾಳಿ ಅಲ್ಲಿಂದಲೇ ಮೇಲೇರಿ ಗೋಡೆಯನ್ನು ಒಣಗಿಸುತ್ತದೆ.

ಊರಿನಿಂದ ಅಪ್ಪ ಅಮ್ಮ ಬಂದಾಗ ಅಮ್ಮ ತಂದಿದ್ದ ಚಳ್ಳಕೆರೆಯ ಕಂಬಳಿ ಈ ಗಾಡಿಗೆ ಒದಗಿದಷ್ಟು ಅಂಗಡಿಯ ಯಾವ ಪರದೆಯೂ ಒದಗಲಿಲ್ಲ. ರಾತ್ರಿ ಅದನ್ನು ಗಾಡಿಯ ನಡುವೆ, ಚಾವಣಿಯಿಂದ ನೆಲದವರೆಗೆ ಇಳಿಬಿಟ್ಟರೆ ಬಿಸಿ ಮಾಡಬೇಕಾದ ಜಾಗ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಉಣ್ಣೆ ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ. ಬೆಳಗ್ಗೆ ಹೊರಗೆ ಗಾಳಿಗೆ ಹಾಕಿದರೆ ಅದೆಲ್ಲ ಬಿಟ್ಟುಹೋಗುತ್ತದೆ. “ಕಾಲು ಕೊರೆಯೋದು ನಿಂತಿತು ನೋಡಪ್ಪ” ಎಂದು ಅಮ್ಮ ಹೇಳಿದ್ದು ನೆಲದ ಕೆಲಸ ಮುಗಿದು ಕಂಬಳಿ ಕಟ್ಟಿದ ರಾತ್ರಿಯೇ.

ಅಗ್ಗವೆಂದು ಹಲವರು ಸಲಹೆ ಮಾಡುವ ಕೆಲವನ್ನು ನಾನು ಬಳಸಲಿಲ್ಲ. ಗುಳ್ಳೆಗಳ ಫಾಯಿಲ್ ಹಾಳೆ ತನ್ನ ಮುಂದೆ ಖಾಲಿ ಗಾಳಿಯ ಅಂತರವಿದ್ದರೆ ಮಾತ್ರ ಶಾಖವನ್ನು ಹಿಂದಿರುಗಿಸುತ್ತದೆ. ಎರಡು ಹಲಗೆಗಳ ನಡುವೆ ಒತ್ತಿಟ್ಟರೆ ಅದರಿಂದ ಆಗುವ ಲಾಭ ತೀರ ಕಡಿಮೆ. ಗಾಜಿನ ಉಣ್ಣೆ ಗಾಡಿಯ ಕುಲುಕಾಟಕ್ಕೆ ಕುಸಿದು ಕೆಳಗೆ ಕೂರುತ್ತದೆ, ನೀರು ತಾಗಿದರೆ ಬೇಗ ಒಣಗುವುದಿಲ್ಲ. ಗೋಡೆಯೊಳಗೆ ಫೋಮ್ ಸಿಂಪಡಿಸಿದರೆ ಅದು ಉಬ್ಬಿ ತಗಡನ್ನು ಹೊರಗೆ ತಳ್ಳಬಹುದು, ಮುಂದೆ ಸೋರಿಕೆ ಹುಡುಕುವುದಂತೂ ಅಸಾಧ್ಯವಾಗುತ್ತದೆ. ಇನ್ನೊಂದು ವಿಷಯವನ್ನು ಎಷ್ಟೋ ಮಂದಿ ಗಮನಿಸುವುದಿಲ್ಲ: ಥರ್ಮೋಕೋಲಿಗೆ ಪಿವಿಸಿ ಹೊದಿಕೆಯ ವಿದ್ಯುತ್ ವೈರು ನೇರವಾಗಿ ತಾಗಿಕೊಂಡಿದ್ದರೆ ಕಾಲಕ್ರಮದಲ್ಲಿ ವೈರಿನ ಹೊದಿಕೆ ಪೆಡಸಾಗಿ ಹಾಳಾಗುತ್ತದೆ. ಎಲ್ಲೆಲ್ಲಿ ಹಲಗೆ ಕೂರಿಸಿದೆನೋ ಅಲ್ಲೆಲ್ಲ ವೈರನ್ನು ಪ್ಲಾಸ್ಟಿಕ್ ಕೊಳವೆಯೊಳಗೆ ಹಾಯಿಸಿದೆ.

ಬಿಸಿಯ ಮೂಲದ ಬಗ್ಗೆಯೂ ಎರಡು ಮಾತು ಅಗತ್ಯ. ಸಿಲಿಂಡರಿನಲ್ಲಿ ಸಿಗುವ ಇನ್ನೊಂದು ಅನಿಲವಾದ ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತದೆ. ಚಳಿಗಾಲಕ್ಕೆ ಪ್ರೊಪೇನ್ ಸಿಲಿಂಡರನ್ನೇ ಒಯ್ಯಬೇಕು. ವಿದ್ಯುತ್ ಸಂಪರ್ಕವಿರುವ ತಂಗುದಾಣಗಳಲ್ಲಿ ಕೆಲವೆಡೆ ಸಿಗುವುದು 10 ಆಂಪಿಯರ್, ಅಂದರೆ ಒಟ್ಟು 2,300 ವ್ಯಾಟ್. ದೊಡ್ಡ ಹೀಟರ್ ಉರಿಯುತ್ತಿರುವಾಗ ಕೆಟಲ್ ಹಾಕಿದರೆ ಫ್ಯೂಸ್ ಬೀಳುತ್ತದೆ. ನೆಲದಿಂದ ಉಳಿಸಿದ ಮುನ್ನೂರು ಚಿಲ್ಲರೆ ವ್ಯಾಟ್‌ಗಳು ಇಲ್ಲಿಯೇ ಲೆಕ್ಕಕ್ಕೆ ಬರುವುದು: ಈಗ ಗಾಡಿ ಒಮ್ಮೆ ಬಿಸಿಯಾದ ಮೇಲೆ, ಹೆಪ್ಪುಗಟ್ಟುವ ಚಳಿ ಇಲ್ಲದ ರಾತ್ರಿಗಳಲ್ಲಿ, ಎಣ್ಣೆ ತುಂಬಿದ 500 ವ್ಯಾಟ್‌ನ ಸಣ್ಣ ರೇಡಿಯೇಟರ್ ನಮ್ಮ ಮಲಗುವ ಭಾಗಕ್ಕೆ ಸಾಕಾಗುತ್ತಿದೆ.

ಕೊನೆಯದಾಗಿ ತೂಕ. ಪ್ರತಿ ಕ್ಯಾರವಾನಿಗೂ ಹೊರಬಹುದಾದ ಗರಿಷ್ಠ ತೂಕದ ಮಿತಿಯಿದೆ, ಹಳೆಯ ಸಣ್ಣ ಗಾಡಿಗಳಲ್ಲಿ ಸಾಮಾನಿಗೆ ಉಳಿಯುವ ಅವಕಾಶ ಕಡಿಮೆ. 8 ಚದರ ಮೀಟರಿನ ಎಕ್ಸ್‌ಪಿಎಸ್ ಹಲಗೆ ತೂಗುವುದು 7 ಕಿಲೋದ ಆಸುಪಾಸು. ಅದೇ ನೆಲಕ್ಕೆ ಒಳಗಿನಿಂದ 6 ಮಿಲಿಮೀಟರ್ ಪ್ಲೈವುಡ್ಡಿನ ಇನ್ನೊಂದು ಪದರ ಹಾಕಿದ್ದರೆ 25ರಿಂದ 30 ಕಿಲೋ ಏರುತ್ತಿತ್ತು. ಆದ್ದರಿಂದ ಒಳಗೆ ಹಲಗೆಯ ಬದಲು ತೆಳುವಾದ ಫೋಮ್ ಹಾಸಿ ಅದರ ಮೇಲೆ ಜಮಖಾನೆ ಹರಡಿದ್ದೇನೆ, ಬೇಸಿಗೆಯಲ್ಲಿ ಎರಡನ್ನೂ ಸುತ್ತಿ ಮನೆಯಲ್ಲಿಡುತ್ತೇನೆ. ಕೆಲಸ ಮುಗಿದ ಮೇಲೆ ಗಾಡಿಯನ್ನು ವೇಬ್ರಿಡ್ಜ್‌ಗೆ ಒಯ್ದು ತೂಗಿಸಿ, ಕಾರಿನ ಕೊಂಡಿಯ ಮೇಲೆ ಬೀಳುವ ಭಾರ ಒಟ್ಟು ತೂಕದ ಶೇಕಡ 5ರಿಂದ 7ರ ನಡುವೆ ಇರುವಂತೆ ಒಳಗಿನ ಸಾಮಾನನ್ನು ಹಿಂದೆಮುಂದೆ ಸರಿಸಿಕೊಂಡೆ.