ಕಾಲಿಬೊದಲ್ಲಿ ಇಳಿದು ಅಲ್ಲಿಯೇ ಉಳಿದ ಐದು ದಿನ

ಫಿಲಿಪ್ಪೀನ್ಸ್‌ನ ಬೊರಾಕಾಯ್ ದ್ವೀಪಕ್ಕೆ ಹೊರಟ ಹೆಚ್ಚಿನ ಪ್ರವಾಸಿಗರಿಗೆ ಕಾಲಿಬೊ ಎಂದರೆ ವಿಮಾನದಿಂದ ಇಳಿದು ವ್ಯಾನ್ ಹತ್ತುವ ಜಾಗ, ಅಷ್ಟೆ. ಆದರೆ ಪನಾಯ್ ದ್ವೀಪದ ಆಕ್ಲಾನ್ ಪ್ರಾಂತ್ಯದ ರಾಜಧಾನಿಯಾದ ಈ ಊರು ಜನವರಿಯ ಮೂರನೆಯ ಭಾನುವಾರದ ಆಸುಪಾಸಿನಲ್ಲಿ ಆತಿ-ಆತಿಹಾನ್ ಹಬ್ಬಕ್ಕಾಗಿ ಹಗಲು ರಾತ್ರಿ ಎಚ್ಚರವಿರುತ್ತದೆ. ಫಿಲಿಪ್ಪೀನ್ಸ್‌ನ ಜನರೇ ಇದನ್ನು ತಮ್ಮ ಎಲ್ಲ ಹಬ್ಬಗಳ ತಾಯಿ ಎಂದು ಕರೆಯುತ್ತಾರೆ. ನಾನು ಮತ್ತು ನನ್ನ ಹೆಂಡತಿ ವಾಡಿಕೆಯ ಕ್ರಮವನ್ನು ಬದಲಿಸಿ, ಮೊದಲು ಐದು ದಿನ ಕಾಲಿಬೊದಲ್ಲಿ, ಆಮೇಲೆ ಮೂರು ದಿನ ಬೊರಾಕಾಯ್‌ನಲ್ಲಿ ಉಳಿದೆವು. ಹಾಗೆ ಮಾಡಿದ್ದರಿಂದಲೇ ಈ ಪ್ರವಾಸ ನಮಗೆ ದಕ್ಕಿತು ಎಂದು ನಾನು ದೃಢವಾಗಿ ನಂಬುತ್ತೇನೆ.

ಸಿದ್ಧತೆಯ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ಭಾರತದ ಪಾಸ್‌ಪೋರ್ಟ್ ಉಳ್ಳವರು 14 ದಿನಗಳ ಒಳಗಿನ ಪ್ರವಾಸಕ್ಕೆ 2025ರ ಜೂನ್‌ನಿಂದ ವೀಸಾ ಇಲ್ಲದೆಯೇ ಫಿಲಿಪ್ಪೀನ್ಸ್‌ಗೆ ಹೋಗಬಹುದು. ಮರಳುವ ಟಿಕೆಟ್, ತಂಗುವ ಸ್ಥಳದ ದಾಖಲೆ, ಖರ್ಚಿಗೆ ಹಣವಿದೆ ಎಂಬುದಕ್ಕೆ ಪುರಾವೆ ಕೈಯಲ್ಲಿರಬೇಕು; ಹೊರಡುವ ಮುನ್ನ ಇ-ಟ್ರಾವೆಲ್ ಎಂಬ ಅಲ್ಲಿನ ಸರ್ಕಾರದ ಆನ್‌ಲೈನ್ ನೋಂದಣಿಯನ್ನೂ ಮುಗಿಸಿರಬೇಕು. ನಾವು ಬೆಂಗಳೂರಿನಿಂದ ಸಿಂಗಪುರ ಮಾರ್ಗವಾಗಿ ಮನಿಲಾ ತಲುಪಿ, ಅಲ್ಲಿಂದ ಸುಮಾರು ಒಂದು ಗಂಟೆಯ ವಿಮಾನದಲ್ಲಿ ಕಾಲಿಬೊದಲ್ಲಿ ಇಳಿದೆವು. ಸೆಬು ನಗರದ ಸಿನುಲೋಗ್ ಹಬ್ಬವೂ ಅದೇ ಭಾನುವಾರ ಬರುವುದರಿಂದ ಆ ವಾರದ ಒಳನಾಡು ವಿಮಾನಗಳು ಬೇಗ ತುಂಬುತ್ತವೆ. ನಾವು ನಾಲ್ಕು ತಿಂಗಳು ಮೊದಲೇ ಟಿಕೆಟ್ ಮಾಡಿಸಿದ್ದು ಒಳ್ಳೆಯದಾಯಿತು. ಕೋಣೆಯ ವಿಷಯದಲ್ಲಿ ಮಾತ್ರ ಪೆಟ್ಟು ತಿಂದೆವು. ಕಾದಿರಿಸಿದ್ದ ವಸತಿಗೃಹದವರು ಹಬ್ಬಕ್ಕೆ ಎರಡು ವಾರ ಇರುವಾಗ ಬುಕಿಂಗ್ ರದ್ದಾಗಿದೆ ಎಂದು ಒಂದು ಸಾಲಿನ ಸಂದೇಶ ಕಳಿಸಿದರು. ಅದೇ ಕೋಣೆ ಮರುದಿನ ಮೂರು ಪಟ್ಟು ಬೆಲೆಗೆ ಮತ್ತೆ ಮಾರಾಟಕ್ಕಿತ್ತು. ಕೊನೆಗೆ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಒಂದು ಕುಟುಂಬ ತನ್ನ ಮಹಡಿಯ ಕೋಣೆಯನ್ನು ನಮಗೆ ಬಿಟ್ಟುಕೊಟ್ಟಿತು. ಹಬ್ಬದ ವಾರದಲ್ಲಿ ಅಲ್ಲಿನ ಅನೇಕ ಮನೆಗಳು ಹೀಗೆ ಕೋಣೆ ಕೊಡುತ್ತವೆ. ಮುಂದೆ ಹೋಗುವವರು ಹೋಟೆಲಿಗಿಂತ ಮೊದಲು ಮನೆಗಳನ್ನೇ ವಿಚಾರಿಸಲಿ.

ಆತಿ-ಆತಿಹಾನ್ ಎಂಬ ಮಾತಿಗೆ ‘ಆತಿಗಳಂತಾಗುವುದು’ ಎಂದು ಅರ್ಥ. ಆತಿಗಳು ಪನಾಯ್ ದ್ವೀಪದ ಮೂಲನಿವಾಸಿಗಳು. ಕಪ್ಪು ಮೈಬಣ್ಣದ, ಗುಂಗುರು ಕೂದಲಿನ ಜನ. ಬೋರ್ನಿಯೋದಿಂದ ದೋಣಿಗಳಲ್ಲಿ ಬಂದ ಹತ್ತು ದಾತುಗಳು, ಅಂದರೆ ನಾಯಕರು, ಆತಿಗಳ ಒಡೆಯ ಮಾರಿಕುದೋವಿನಿಂದ ತಗ್ಗು ನೆಲವನ್ನು ಒಂದು ಚಿನ್ನದ ಟೋಪಿಗೆ ಕೊಂಡರು, ಆತನ ಹೆಂಡತಿ ನೆಲ ಮುಟ್ಟುವಷ್ಟು ಉದ್ದದ ಸರವೊಂದನ್ನು ಕೇಳಿ ಪಡೆದಳು, ಆ ಒಪ್ಪಂದದ ಔತಣದಲ್ಲಿ ಬಂದವರು ಮುಖಕ್ಕೆ ಮಸಿ ಬಳಿದುಕೊಂಡು ಆತಿಗಳೊಡನೆ ಕುಣಿದರು ಎಂಬುದು ಊರಿನ ಕಥೆ. ಇತಿಹಾಸಕಾರ ವಿಲಿಯಂ ಹೆನ್ರಿ ಸ್ಕಾಟ್ ಈ ಕಥೆಗೆ ಸ್ಪೇನಿನವರು ಬರುವ ಮೊದಲಿನ ಆಧಾರವಿಲ್ಲವೆಂದು ತೋರಿಸಿದ್ದಾರೆ. ಆದರೂ ಕಾಲಿಬೊದ ಬೀದಿಯಲ್ಲಿ ಅದು ಜೀವಂತ ನೆನಪಿನಂತೆಯೇ ಉಳಿದಿದೆ. ಈ ಕಥೆಯ ಮೇಲೆ ಸ್ಪೇನಿನವರ ಕಾಲದಲ್ಲಿ ಬಾಲಯೇಸುವಿನ ಭಕ್ತಿ ಬಂದು ಕೂಡಿಕೊಂಡಿತು. ಹಾಗಾಗಿ ಇಂದು ಕುಣಿತವೆಲ್ಲವೂ ಸಾಂತೊ ನಿನ್ಯೊ ಎಂಬ ಆ ಪುಟ್ಟ ದೇವರಿಗೆ ಸಲ್ಲುತ್ತದೆ.

ನಾವು ಬುಧವಾರ ತಲುಪಿದೆವು. ಮೊದಲ ಸಂಜೆ ಪಾಸ್ಟ್ರಾನಾ ಉದ್ಯಾನದ ಅಂಚಿನಲ್ಲಿ ನಿಂತು ಫೋಟೋ ತೆಗೆಯುತ್ತ ಕಾಲ ಕಳೆದೆವು. ಏನೂ ಕೈಗೆ ಹತ್ತಲಿಲ್ಲ. ಮರುದಿನ ಮನೆಯೊಡತಿ ನಮ್ಮನ್ನು ಕೂರಿಸಿಕೊಂಡು, ಇದು ನಿಂತು ನೋಡುವ ಹಬ್ಬವಲ್ಲ, ಯಾವುದಾದರೂ ತಮಟೆಯವರ ಹಿಂದೆ ಸೇರಿಕೊಳ್ಳಿ ಎಂದರು. ಅವರ ಮಾತೇ ನಮಗೆ ದಾರಿಯಾಯಿತು. ಆ ಕುಣಿತದ ಹೆಸರು ಸದ್‌ಸದ್. ಪಾದವನ್ನು ಪೂರ್ತಿ ಎತ್ತದೆ, ನೆಲಕ್ಕೆ ಸವರುತ್ತ ಸಾಗುವುದು. ಐದು ನಿಮಿಷದಲ್ಲಿ ಯಾರಿಗಾದರೂ ಬರುತ್ತದೆ. ಕಾಲಿಗೆ ಒಗ್ಗಿದ ಮೇಲೆ ಗಂಟೆಗಟ್ಟಲೆ ನಡೆಯುತ್ತದೆ. ಮುಂದೆ ದೊಡ್ಡ ಡೋಲುಗಳು, ಅವುಗಳ ಹಿಂದೆ ಸಣ್ಣ ಡೋಲುಗಳು, ನಡುವೆ ಲೋಹದ ಪಟ್ಟಿಗಳ ಲೈರ್ ವಾದ್ಯದ ತೀಕ್ಷ್ಣ ನಾದ. ಪ್ರತಿ ಗುಂಪಿನಿಂದಲೂ ‘ಹಾಲಾ ಬಿರಾ! ಪ್ವೆರಾ ಪಾಸ್ಮಾ!’ ಎಂಬ ಕೂಗು ಏಳುತ್ತದೆ. ಪಾಸ್ಮಾ ಎಂದರೆ ಬಿಸಿ ಮೈಗೆ ತಣ್ಣೀರೋ ಮಳೆಯೋ ಬಿದ್ದಾಗ ಬರುತ್ತದೆಂದು ಅಲ್ಲಿನವರು ನಂಬುವ ಕಾಯಿಲೆ; ಕುಣಿಯುವವರ ಹತ್ತಿರ ಅದು ಸುಳಿಯದಿರಲಿ ಎಂಬುದು ಕೂಗಿನ ಆಶಯ. ಶೀತ, ಉಷ್ಣ ಎಂದು ಅಜ್ಜಿಯರಿಂದ ಕೇಳಿಯೇ ಬೆಳೆದ ನಮಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಶನಿವಾರ ಬೆಳಿಗ್ಗೆ ಒಂದು ಗುಂಪಿನ ಹಿರಿಯರು ಬಟ್ಟಲೊಂದನ್ನು ಹಿಡಿದು ನನ್ನೆದುರು ನಿಂತರು. ಅದರಲ್ಲಿ ಎಣ್ಣೆಯಲ್ಲಿ ಕಲಸಿದ ಮಸಿ ಇತ್ತು. ಅಂಚಿನಲ್ಲಿ ಒಣಗಿ ಬೂದು ಬಣ್ಣಕ್ಕೆ ತಿರುಗಿತ್ತು, ನಡುವೆ ಕಾಡಿಗೆಯಂತೆ ಹೊಳೆಯುತ್ತಿತ್ತು. ನಾನು ಹಿಂಜರಿದೆ. ಬೇರೆ ಜನರ ಮೈಬಣ್ಣವನ್ನು ವೇಷವಾಗಿ ತೊಡುವುದು ಸರಿಯೇ ಎಂಬ ಪ್ರಶ್ನೆ ಹೊರಡುವ ಮೊದಲೇ ನನ್ನನ್ನು ಕಾಡಿತ್ತು. ಹಿರಿಯರು ಒತ್ತಾಯ ಮಾಡಲಿಲ್ಲ. ಮಗಳ ಜ್ವರ ಬಿಟ್ಟ ವರ್ಷದಿಂದ ತಾನು ಪ್ರತಿ ಜನವರಿಯಲ್ಲೂ ಹೀಗೆ ಮಸಿ ಹಚ್ಚಿಕೊಂಡು ಕುಣಿಯುತ್ತೇನೆ, ಇದು ತನ್ನ ಪಾನಾತಾ ಎಂದರು. ಪಾನಾತಾ ಎಂದರೆ ಹರಕೆ. ಆ ಮಾತಿನ ನಂತರ ನಾನು ಕೆನ್ನೆ ಒಡ್ಡಿದೆ. ಅವರು ಎರಡು ಬೆರಳಿನಿಂದ ಎರಡು ಗೆರೆ ಎಳೆದರು. ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ, ಮುಗಿಯಬಾರದು ಎಂದೂ ನನಗೆ ಅನ್ನಿಸುತ್ತದೆ. ಆದರೆ ಅವರ ಕೈಯಲ್ಲಿ ಅಣಕವಿರಲಿಲ್ಲ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಚರ್ಚಿನ ಒಳಗೆ ಪಾಯಾಪಾಕ್ ಎಂಬ ಸೇವೆಗಾಗಿ ಉದ್ದನೆಯ ಸಾಲು ನಿಂತಿತ್ತು. ಸಾಂತೊ ನಿನ್ಯೊ ವಿಗ್ರಹವನ್ನು ಭಕ್ತರ ತಲೆ, ಭುಜ, ಬೆನ್ನಿಗೆ ಒತ್ತಿ ಸವರುತ್ತಾರೆ; ನೋವಿರುವ ಜಾಗವನ್ನು ಭಕ್ತರೇ ತೋರಿಸುತ್ತಾರೆ. ನನ್ನ ಮುಂದೆ ನಿಂತಿದ್ದ ವೃದ್ಧೆ ತನ್ನ ಎಡಮೊಣಕಾಲನ್ನು ತೋರಿಸಿ, ವಿಗ್ರಹ ಅಲ್ಲಿ ತಾಗಿದ ಕ್ಷಣ ಕಣ್ಣು ಮುಚ್ಚಿಕೊಂಡರು. ಹೊರಗೆ ಡೋಲುಗಳು ಗೋಡೆಯನ್ನೇ ನಡುಗಿಸುತ್ತಿದ್ದವು. ಭಾನುವಾರ ಬೆಳಗಿನ ಬಯಲು ಪೂಜೆಯನ್ನೂ, ಸಂಜೆಯ ಮೆರವಣಿಗೆಯನ್ನೂ ಯಾರೂ ತಪ್ಪಿಸಿಕೊಳ್ಳಬಾರದು. ಪ್ರತಿ ಮನೆಯ ವಿಗ್ರಹವೂ ಒಡೆಯರ ತೋಳಿನಲ್ಲಿ ಹೊರಬರುವುದನ್ನು, ದೀಪಗಳು ಬೀದಿಯುದ್ದಕ್ಕೂ ನಿಧಾನವಾಗಿ ಸರಿಯುವುದನ್ನು ನೋಡದೆ ಶನಿವಾರವೇ ಬೊರಾಕಾಯ್‌ಗೆ ಹೊರಟುಬಿಡುವವರು ಹಬ್ಬದ ಅರ್ಧವನ್ನು ಕಳೆದುಕೊಳ್ಳುತ್ತಾರೆ.

ಕೆಲವು ಸಣ್ಣ ವಿಷಯಗಳಿವೆ. ಮೊದಲ ದಿನ ಚಪ್ಪಲಿಯಲ್ಲಿ ಹೋಗಿ ಕಾಲ್ಬೆರಳು ತುಳಿಸಿಕೊಂಡೆ. ಮುಚ್ಚಿದ ಶೂ ಬೇಕೇಬೇಕು. ಕಿವಿಗೆ ಹತ್ತಿಯಾದರೂ ಇರಲಿ. ಸಸ್ಯಾಹಾರಿಯಾದ ನನ್ನ ಹೆಂಡತಿಗೆ ಅಲ್ಲಿನ ತರಕಾರಿ ಸಾರಿನಲ್ಲೂ ಸಿಗಡಿ ಇರುತ್ತದೆಂದು ಬೇಗ ತಿಳಿಯಿತು. ಅನ್ನ, ಹಣ್ಣು ಮತ್ತು ನಾವು ಒಯ್ದಿದ್ದ ಅವಲಕ್ಕಿ, ಚಟ್ನಿಪುಡಿ ಅವಳನ್ನು ಕಾಪಾಡಿದವು. ನಾನು ಇನುಬಾರಾಂಗ್ ಮಾನೋಕ್ ತಿಂದೆ: ಕೋಳಿಯ ಜೊತೆ ಬಾಳೆದಿಂಡನ್ನು ತೆಳ್ಳಗೆ ಹೆಚ್ಚಿ, ತೆಂಗಿನ ಹಾಲಿನಲ್ಲಿ ಬೇಯಿಸಿದ ಅಡುಗೆ. ಮನೆಯೊಡತಿ ದಿಂಡಿನ ನಾರನ್ನು ಬೆರಳಿಗೆ ಸುತ್ತಿ ತೆಗೆಯುತ್ತಿದ್ದ ಬಗೆ ನಮ್ಮ ಅಡುಗೆಮನೆಯದೇ ಆಗಿತ್ತು.

ಶುಕ್ರವಾರ ಮಧ್ಯಾಹ್ನದ ಬಿಸಿಲಿನಲ್ಲಿ ಪಿನ್ಯಾ ನೇಯ್ಗೆಯ ಮನೆಯೊಂದಕ್ಕೆ ಹೋದೆವು. ಅನಾನಸ್ ಎಲೆಯಿಂದ ನಾರು ತೆಗೆದು ಬಟ್ಟೆ ನೇಯುವ ಈ ಕೈಮಗ್ಗದ ಕಲೆ 2023ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದೆ. ಅಲ್ಲೊಬ್ಬ ಹೆಂಗಸು ಉದ್ದನೆಯ ಎಲೆಯನ್ನು ಹಲಗೆಯ ಮೇಲೆ ಚಾಚಿ, ಒಡೆದ ಪಿಂಗಾಣಿ ತಟ್ಟೆಯ ಚೂರಿನಿಂದ ಹಸಿರನ್ನು ಕೆರೆದರು; ಒರಟು ನಾರು ಎದ್ದು ಬಂತು. ಅದರಡಿಯ ನಯವಾದ ನಾರಿಗೆ ತೆಂಗಿನ ಚಿಪ್ಪು ಬೇಕು. ಆ ನಯವಾದ ನಾರಿನ ಹೆಸರು ಲಿನಿವಾನ್. ಒಂದು ಎಳೆಯನ್ನು ನನ್ನ ಅಂಗೈಯಲ್ಲಿಟ್ಟಾಗ ಇದೆಯೋ ಇಲ್ಲವೋ ತಿಳಿಯಲಿಲ್ಲ. ಅಷ್ಟು ತೆಳುವಾದ, ಎಲೆಯಷ್ಟೇ ಉದ್ದದ ಎಳೆಗಳನ್ನು ಒಂದಕ್ಕೊಂದು ಕೈಯಿಂದಲೇ ಗಂಟು ಹಾಕಿ, ತುದಿ ಕತ್ತರಿಸಿ, ಮಡಕೆಯಲ್ಲಿ ಸುರುಳಿಯಾಗಿ ಇಳಿಬಿಡುತ್ತಾರೆ. ಹಾಸು ಹೊಕ್ಕು ಎರಡೂ ಹೀಗೆ ಗಂಟಿನಿಂದಲೇ ಹುಟ್ಟಬೇಕು. ಬಟ್ಟೆಯ ಬೆಲೆ ಕೇಳಿ ಹುಬ್ಬೇರಿಸುವ ಮೊದಲು ಪ್ರವಾಸಿಗರು ಆ ಮಡಕೆಯ ಎದುರು ಹತ್ತು ನಿಮಿಷ ಕುಳಿತಿರಬೇಕು.

ಸೋಮವಾರ ವ್ಯಾನಿನಲ್ಲಿ ಸುಮಾರು 70 ಕಿಲೋಮೀಟರ್ ದೂರದ ಕಾತಿಕ್ಲಾನ್ ಬಂದರಿಗೆ ಎರಡು ಗಂಟೆಯ ಪ್ರಯಾಣ. ಅಲ್ಲಿಂದ ದೋಣಿಯಲ್ಲಿ ಕಾಲು ಗಂಟೆ. ಬಂದರಿನಲ್ಲಿ ಹೋಟೆಲಿನ ಕಾದಿರಿಸುವಿಕೆ ತೋರಿಸಿ, ಪರಿಸರ ಶುಲ್ಕ ಕಟ್ಟಬೇಕು. ಕೊಳಚೆ ನೀರು ಸಮುದ್ರಕ್ಕೆ ಹರಿಯುತ್ತಿದ್ದ ಕಾರಣ 2018ರ ಏಪ್ರಿಲ್‌ನಿಂದ ಆರು ತಿಂಗಳು ಸರ್ಕಾರ ಈ ದ್ವೀಪವನ್ನು ಪ್ರವಾಸಿಗರಿಗೆ ಮುಚ್ಚಿತ್ತು. ಈಗ ಮರಳಿನ ಮೇಲೆ ಮದ್ಯ, ಧೂಮಪಾನಗಳಿಗೆ ಅವಕಾಶವಿಲ್ಲ, ರಸ್ತೆಯಲ್ಲಿ ವಿದ್ಯುತ್ ರಿಕ್ಷಾಗಳು ಓಡುತ್ತವೆ. ಜನವರಿಯಲ್ಲಿ ಆಮಿಹಾನ್ ಎಂಬ ಈಶಾನ್ಯದ ಗಾಳಿ ಬೀಸುವುದರಿಂದ ಪೂರ್ವದ ಬುಲಾಬೋಗ್ ತೀರದಲ್ಲಿ ಅಲೆಗಳ ಮೇಲೆ ಗಾಳಿಪಟ ಹಿಡಿದು ಹಲಗೆಯಲ್ಲಿ ಸಾಗುವ ಸವಾರರು ತುಂಬಿರುತ್ತಾರೆ. ಪಶ್ಚಿಮದ ನಾಲ್ಕು ಕಿಲೋಮೀಟರ್ ಬಿಳಿ ಮರಳಿನ ಎದುರು ನೀರು ಕೆರೆಯಂತೆ ಶಾಂತವಾಗಿರುತ್ತದೆ. ಐದು ದಿನದ ಡೋಲಿನ ನಂತರ ಆ ಮೌನ ನಮಗೆ ಬೇಕಾಗಿತ್ತು.

ಮೂರನೆಯ ದಿನ ಮಾನೋಕ್-ಮಾನೋಕ್ ಭಾಗದಲ್ಲಿರುವ ಆತಿಗಳ ವಸತಿಯ ತನಕ ಹೋಗಿಬಂದೆವು. ಸುಮಾರು ಸಾವಿರ ಹೆಕ್ಟೇರ್ ವಿಸ್ತಾರದ ಈ ದ್ವೀಪದಲ್ಲಿ, ಅದರ ಮೊದಲ ನಿವಾಸಿಗಳಾದ ಆತಿಗಳಿಗೆ ಪೂರ್ವಜರ ಭೂಮಿಯೆಂದು 2011ರಲ್ಲಿ ಹಕ್ಕುಪತ್ರ ಸಿಕ್ಕಿದ್ದು 2.1 ಹೆಕ್ಟೇರಿಗೆ. ಅದಕ್ಕಾಗಿ ದನಿ ಎತ್ತಿದ್ದ ಆತಿ ಯುವನಾಯಕ ಡೆಕ್ಸ್ಟರ್ ಕೊಂಡೆಜ್ 2013ರ ಫೆಬ್ರವರಿಯಲ್ಲಿ, ಇಪ್ಪತ್ತಾರರ ಪ್ರಾಯದಲ್ಲಿ, ಗುಂಡೇಟಿಗೆ ಬಲಿಯಾದರು. ಕರೆಯದೆ ಒಳಗೆ ಹೋಗುವುದು ನಮಗೆ ಸರಿಯೆನಿಸಲಿಲ್ಲ. ಕ್ಯಾಮೆರಾವನ್ನು ಚೀಲದಲ್ಲೇ ಇಟ್ಟು ಹೊರಗೆ ನಿಂತೆವು. ಒಳಗೆ ಒಗೆದ ಶಾಲಾ ಸಮವಸ್ತ್ರಗಳು ಸಾಲಾಗಿ ಒಣಗುತ್ತಿದ್ದವು, ಇಬ್ಬರು ಹುಡುಗರು ಚೆಂಡಾಡುತ್ತಿದ್ದರು. ನನ್ನ ಕಿವಿಯ ಹಿಂದಿನ ಮಸಿ ಆಗಲೂ ಪೂರ್ತಿ ಹೋಗಿರಲಿಲ್ಲ.